ಕಸ ತಿಂದು ಪ್ಲಾಸ್ಟಿಕ್ ಕೂಡಿಡುವ ಬ್ಯಾಕ್ಟೀರಿಯಾ

ಕೇಳುಗರಿಗೆಲ್ಲ ನಮಸ್ಕಾರ. ಕೊಳೆಯುವ ಕಸದಿಂದ ಪ್ಲಾಸ್ಟಿಕ್ ಮಾಡುವುದರ ಬಗ್ಗೆ ಮಾತಾಡಿ ಅಂತ ಕೇಳಿದ್ದಾರೆ. ಹಣ್ಣಿನ ಸಿಪ್ಪೆ, ಉಳಿದ ಅಡುಗೆ, ಸಕ್ಕರೆ ಕಾರ್ಖಾನೆಯ ಕಾಕಂಬಿ, ಚೀಸ್ ಮಾಡಿದ ಮೇಲೆ ಉಳಿಯುವ ಹಾಲಿನ ನೀರು, ಇವೆಲ್ಲ ಪ್ಲಾಸ್ಟಿಕ್ ಆಗಬಲ್ಲವು. ಹೀಗೆ ಹೇಳಿದ ಕೂಡಲೇ ಎಲ್ಲರೂ ಯಂತ್ರದ ಬಗ್ಗೆ ಕೇಳುತ್ತಾರೆ. ಎಷ್ಟು ದೊಡ್ಡದು, ಎಲ್ಲಿ ಸಿಗುತ್ತದೆ ಅಂತ. ಯಂತ್ರದ ಮಾತು ಆಮೇಲೆ. ಬ್ಯಾಕ್ಟೀರಿಯಾ ಯಾಕೆ ಪ್ಲಾಸ್ಟಿಕ್ ಮಾಡುತ್ತದೆ ಅನ್ನುವುದನ್ನು ಮೊದಲು ತಿಳಿಯೋಣ.

ನಾವು ಬೇಕಾದ್ದಕ್ಕಿಂತ ಜಾಸ್ತಿ ತಿಂದರೆ ಮೈಯಲ್ಲಿ ಕೊಬ್ಬು ಸೇರುತ್ತದೆ, ಅಲ್ವಾ? ಕೆಲವು ಬ್ಯಾಕ್ಟೀರಿಯಾಗಳೂ ಹಾಗೇ ಕೂಡಿಡುತ್ತವೆ. ಆದರೆ ಅವು ಕೂಡಿಡುವ ವಸ್ತು ಪ್ಲಾಸ್ಟಿಕ್. ಅದನ್ನು ಕಾಯಿಸಿದರೆ ಕರಗುತ್ತದೆ, ಅಚ್ಚಿಗೆ ಹಾಕಿದರೆ ಆಕಾರಕ್ಕೆ ಬರುತ್ತದೆ. ಈ ಜಾತಿಯ ಪ್ಲಾಸ್ಟಿಕ್‌ಗೆ ಪಿಎಚ್‌ಎ ಅಂತ ಹೆಸರು. ಅದರಲ್ಲಿ ಎಲ್ಲಕ್ಕಿಂತ ಮೊದಲು ಸಿಕ್ಕಿದ್ದು ಪಿಎಚ್‌ಬಿ.

ಇದು ಯಾವಾಗ ಸೇರುತ್ತದೆ? ತಿನ್ನಲು ಸಕ್ಕರೆ ಬೇಕಾದಷ್ಟಿರಬೇಕು, ಆದರೆ ಸಾರಜನಕ ಸಾಲದೆ ಬರಬೇಕು. ಸಾರಜನಕ ಇಲ್ಲದೆ ಪ್ರೋಟೀನ್ ಕಟ್ಟಲು ಆಗುವುದಿಲ್ಲ. ಪ್ರೋಟೀನ್ ಇಲ್ಲದೆ ಒಂದು ಬ್ಯಾಕ್ಟೀರಿಯಾ ಎರಡಾಗಲು ಆಗುವುದಿಲ್ಲ. ಬೆಳೆಯಲು ದಾರಿ ಇಲ್ಲ, ಮುಂದೆ ಊಟ ಇದೆ, ಹಾಗಾಗಿ ಎಲ್ಲವನ್ನೂ ಒಳಗೆ ಕಾಳು ಕಾಳಾಗಿ ಕೂಡಿಡುತ್ತದೆ. ಕುಪ್ರಿಯಾವಿಡಸ್ ನೆಕೇಟರ್ ಅನ್ನುವ ಬ್ಯಾಕ್ಟೀರಿಯಾ ಇದೆ. ಸರಿಯಾಗಿ ನೋಡಿಕೊಂಡರೆ ಅದರ ಒಣ ತೂಕದಲ್ಲಿ 80 ಶೇಕಡಾದಷ್ಟು ಪ್ಲಾಸ್ಟಿಕ್ಕೇ ಇರುತ್ತದೆ! ಸಕ್ಕರೆ ಧಾರಾಳ, ಸಾರಜನಕ ಕಮ್ಮಿ. ಇವತ್ತು ಬೇರೇನು ಮರೆತರೂ ಇದೊಂದು ನೆನಪಿಡಿ.

ಇದು ಗೊತ್ತಾದದ್ದು ಹೇಗೆ ಅನ್ನುವ ಕತೆ ನನಗೆ ತುಂಬಾ ಇಷ್ಟ, ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಫ್ರಾನ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಮಾರಿಸ್ ಲೆಮ್ವಾನ್ಯ್ ಅಂತ ಒಬ್ಬ ವಿಜ್ಞಾನಿ ಇದ್ದರು. 1920ರ ದಶಕದ ಮಾತು. ಪ್ಲಾಸ್ಟಿಕ್ ಹುಡುಕುವ ಯೋಚನೆಯೇ ಅವರಿಗಿರಲಿಲ್ಲ. ಬ್ಯಾಸಿಲಸ್ ಮೆಗಟೇರಿಯಮ್ ಅನ್ನುವ ಬ್ಯಾಕ್ಟೀರಿಯಾವನ್ನು ಶುದ್ಧ ನೀರಿನಲ್ಲಿ ಬಿಟ್ಟರೆ ಆ ನೀರು ಹುಳಿಯಾಗುತ್ತಿತ್ತು. ತಿನ್ನಲು ಏನೂ ಕೊಟ್ಟಿಲ್ಲ, ಹುಳಿ ಎಲ್ಲಿಂದ ಬಂತು? ಬೇರೆಯವರಾದರೆ ಸುಮ್ನೆ ಬಿಟ್ಟುಬಿಡುತ್ತಿದ್ದರೇನೋ. ಇವರು ಬಿಡಲಿಲ್ಲ. ಹುಡುಕಿ ನೋಡಿದಾಗ ಅದು ಹೈಡ್ರಾಕ್ಸಿಬ್ಯುಟಿರಿಕ್ ಆಮ್ಲ ಅಂತ ತಿಳಿಯಿತು. ಆಮೇಲೆ, ಆ ಆಮ್ಲ ಯಾವುದರಿಂದ ಬರುತ್ತಿದೆ ಅಂತ ಬ್ಯಾಕ್ಟೀರಿಯಾದ ಒಳಕ್ಕೇ ಹೋದರು. ಅಲ್ಲಿ ಅದೇ ಆಮ್ಲದ ತುಣುಕುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಉದ್ದದ ಸರಪಳಿಯಾಗಿದ್ದವು. ಆ ಸರಪಳಿಯೇ ಪಿಎಚ್‌ಬಿ. ಹಸಿದಾಗ ಬ್ಯಾಕ್ಟೀರಿಯಾ ಆ ಕೊಂಡಿಗಳನ್ನು ಬಿಡಿಸಿ ತಾನು ಕೂಡಿಟ್ಟದ್ದನ್ನೇ ತಿನ್ನುತ್ತಿತ್ತು, ನೀರು ಹುಳಿಯಾಗುತ್ತಿದ್ದದ್ದು ಅದಕ್ಕೇ. 1926ರ ಹೊತ್ತಿಗೆ ಅವರು ಇದನ್ನು ಬರೆದು ಪ್ರಕಟಿಸಿದ್ದರು. ಜಗತ್ತು ಏನು ಮಾಡಿತು? ಹೆಚ್ಚಿನವರು ಗಮನಿಸಲೇ ಇಲ್ಲ. ಪೆಟ್ರೋಲಿಯಂ ಪ್ಲಾಸ್ಟಿಕ್ ಅಗ್ಗವಾಗಿ ಸಿಗುತ್ತಿದ್ದಾಗ ಇದು ಯಾರಿಗೆ ಬೇಕು? 1970ರ ದಶಕದಲ್ಲಿ ತೈಲದ ಬೆಲೆ ಏರಿದ ಮೇಲೆಯೇ ಬ್ರಿಟನ್ನಿನ ಐಸಿಐ ಕಂಪನಿ ಇದನ್ನು ಕೈಗೆತ್ತಿಕೊಂಡದ್ದು. 1990ರಲ್ಲಿ ಜರ್ಮನಿಯ ವೆಲ್ಲಾ ಕಂಪನಿ ತನ್ನ ಶಾಂಪೂವನ್ನು ಈ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ ಮಾರಿತು. ಕಂಡುಹಿಡಿದ ಮೇಲೆ ಅಂಗಡಿಗೆ ಬರಲು ಅರುವತ್ತಕ್ಕೂ ಜಾಸ್ತಿ ವರ್ಷ! ನೆನೆಸಿಕೊಂಡರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಕತೆಯಲ್ಲೇ ಹೊತ್ತು ಹೋಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ.

ಅಷ್ಟು ದಿನ ಈ ಪ್ಲಾಸ್ಟಿಕ್ ದುಬಾರಿಯಾಗಿಯೇ ಉಳಿಯಲು ದೊಡ್ಡ ಕಾರಣ ಬ್ಯಾಕ್ಟೀರಿಯಾದ ಊಟ. ಶುದ್ಧ ಸಕ್ಕರೆ ಕೊಟ್ಟರೆ ಖರ್ಚಿನಲ್ಲಿ ಹೆಚ್ಚುಕಮ್ಮಿ ಅರ್ಧ ಅದಕ್ಕೇ ಹೋಗುತ್ತದೆ. ಅದಕ್ಕೇ ಕಸ. ಆದರೆ ಸಿಪ್ಪೆಯನ್ನು ನೇರವಾಗಿ ಕೊಟ್ಟರೆ ಈ ಬ್ಯಾಕ್ಟೀರಿಯಾ ತಿನ್ನುವುದಿಲ್ಲ. ಮೊದಲು ಗಾಳಿ ಆಡದ ಟ್ಯಾಂಕಿನಲ್ಲಿ ಬೇರೆ ಬ್ಯಾಕ್ಟೀರಿಯಾಗಳಿಂದ ಕೊಳೆಸಬೇಕು. ಗೋಬರ್ ಗ್ಯಾಸ್ ಶುರುವಾಗುವುದೂ ಹೀಗೇ. ಇಲ್ಲಿ ಮಾತ್ರ ಗ್ಯಾಸ್ ಆಗುವ ಮೊದಲೇ ತಡೆಯುತ್ತೇವೆ. ಟ್ಯಾಂಕನ್ನು ಹುಳಿಯಾಗಿಟ್ಟು, ಜಾಸ್ತಿ ದಿನ ಬಿಡದೆ ತೆಗೆದರೆ ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಆಮ್ಲಗಳು ಸಿಗುತ್ತವೆ. ಸಕ್ಕರೆಯ ಬದಲು ಇವೇ ಊಟ. ಎರಡನೇ ಟ್ಯಾಂಕಿನಲ್ಲಿ ಗಾಳಿ ಊದುತ್ತಾ ಇವನ್ನು ಉಣಿಸುತ್ತೇವೆ. ಸ್ವಲ್ಪ ಹೊತ್ತು ಹೊಟ್ಟೆ ತುಂಬಾ, ಆಮೇಲೆ ತುಂಬಾ ಹೊತ್ತು ಉಪವಾಸ, ಮತ್ತೆ ಊಟ. ಕೂಡಿಡಲು ಬಾರದ ಬ್ಯಾಕ್ಟೀರಿಯಾಗಳು ಉಪವಾಸದಲ್ಲಿ ಸೋತು ಹಿಂದೆ ಬೀಳುತ್ತವೆ, ಕೂಡಿಡುವವು ಉಳಿದು ಬೆಳೆಯುತ್ತವೆ. ಟ್ಯಾಂಕನ್ನು ಹಬೆಯಲ್ಲಿ ಬೇಯಿಸಿ ಕ್ರಿಮಿರಹಿತ ಮಾಡುವ ಖರ್ಚೂ ಉಳಿಯುತ್ತದೆ. ಎಷ್ಟು ಚೆಂದದ ಉಪಾಯ ನೋಡಿ. ಕೊನೆಗೆ ಬ್ಯಾಕ್ಟೀರಿಯಾವನ್ನು ಒಡೆದು, ತೊಳೆದು, ಒಣಗಿಸಿದರೆ ಬಿಳಿ ಪುಡಿ ಸಿಗುತ್ತದೆ. ಬರೀ ಪಿಎಚ್‌ಬಿ ಆದರೆ ಬಗ್ಗಿಸಿದಾಗ ಮುರಿಯುತ್ತದೆ. ಊಟದಲ್ಲಿ ಪ್ರೊಪಿಯಾನಿಕ್ ಆಮ್ಲ ಇದ್ದರೆ ಬಾಗುವ ಪ್ಲಾಸ್ಟಿಕ್ ಬರುತ್ತದೆ.

ಇನ್ನೊಂದು ವಿಷಯ, ದಯವಿಟ್ಟು ಗಮನಿಸಿ. ಮೇಲೆ "ಬಯೋ" ಅಂತ ಬರೆದ ಲೋಟವನ್ನೆಲ್ಲ ಮಣ್ಣಿಗೆ ಎಸೆದು, ಕರಗಲಿಲ್ಲ ಅಂತ ದೂರುವವರಿದ್ದಾರೆ. ಆ ಲೋಟ ಹೆಚ್ಚಾಗಿ ಪಿಎಲ್‌ಎ ಅನ್ನುವ ಬೇರೆ ಪ್ಲಾಸ್ಟಿಕ್‌ನದು. ಅದು ಕರಗಲು 60 ಡಿಗ್ರಿ ಹತ್ತಿರದ ಬಿಸಿ ಇರುವ ಗೊಬ್ಬರದ ಘಟಕವೇ ಬೇಕು. ನಾನು ಹೇಳುತ್ತಿರುವ ಪಿಎಚ್‌ಎ ಹಾಗಲ್ಲ. ಮಣ್ಣಿನಲ್ಲೂ ಸಮುದ್ರದಲ್ಲೂ ಇದನ್ನು ತಿನ್ನುವ ಸೂಕ್ಷ್ಮಜೀವಿಗಳಿವೆ. ಎರಡನ್ನೂ ಒಂದೇ ಅಂತ ತಿಳಿಯಬೇಡಿ.

ಕೇಳುವವರಲ್ಲಿ ಕಸದ ಘಟಕ ನಡೆಸುವವರಿದ್ದರೆ, ಮಾಂಸ, ಮೀನು, ಬೇಳೆಯ ಉಳಿಕೆ ಜಾಸ್ತಿ ಬಂದ ದಿನ ಜೋಪಾನ. ಅದರ ಪ್ರೋಟೀನ್ ಕೊಳೆತರೆ ಅಮೋನಿಯಾ ಆಗುತ್ತದೆ, ಅಮೋನಿಯಾದಲ್ಲಿ ಇರುವುದು ಸಾರಜನಕ. ಅದು ಸಿಕ್ಕರೆ ಬ್ಯಾಕ್ಟೀರಿಯಾ ಕೂಡಿಡುವುದನ್ನು ಬಿಟ್ಟು ಸಂಖ್ಯೆ ಹೆಚ್ಚಿಸುವ ಕೆಲಸಕ್ಕೆ ಇಳಿಯುತ್ತದೆ. ಹಾಗಾಗಿ ಎರಡನೇ ಟ್ಯಾಂಕಿಗೆ ಬಿಡುವ ಮೊದಲು ಅಮೋನಿಯಾ ಅಳೆಯಿರಿ. ಜಾಸ್ತಿ ಕಂಡರೆ ಮೊದಲನೇ ಟ್ಯಾಂಕಿಗೆ ಹಣ್ಣಿನ ಸಿಪ್ಪೆ, ಕಾಕಂಬಿ ಸೇರಿಸಿ ಸರಿತೂಗಿಸಿ, ಆಮೇಲೆ ಬಿಡಿ. ನಮಸ್ಕಾರ.