ಕುಳಿತು ಮಾಡುವ ಕೆಲಸ, ನಡುನಡುವೆ ಏಳುವ ಅಭ್ಯಾಸ

ಕೇಳುಗರಿಗೆ ನಮಸ್ಕಾರ.

ಮೂವತ್ತು ವರ್ಷಗಳ ಹಿಂದೆ ಸರ್ಕಾರಿ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಗುಮಾಸ್ತರಾಗಿದ್ದವರಿಗೆ ದಿನದಲ್ಲಿ ಹಲವು ಸಲ ಕುರ್ಚಿ ಬಿಟ್ಟು ಏಳದೆ ಕೆಲಸ ಸಾಗುತ್ತಿರಲಿಲ್ಲ. ಹಳೆಯ ಕಡತ ಬೇಕಾದರೆ ದಾಖಲೆ ಕೊಠಡಿಗೆ ಹೋಗಬೇಕಿತ್ತು. ಟಿಪ್ಪಣಿ ಬರೆದ ಮೇಲೆ ಅದನ್ನು ಹಿಡಿದುಕೊಂಡು ಶಿರಸ್ತೇದಾರರ ಮೇಜಿನವರೆಗೆ ನಡೆಯಬೇಕಿತ್ತು. ಬೆರಳಚ್ಚಿಗೆ ಕೊಟ್ಟ ಪತ್ರವನ್ನು ತರಬೇಕಿತ್ತು, ಭಾರವಾದ ಲೆಡ್ಜರುಗಳನ್ನು ಕಪಾಟಿನಿಂದ ಇಳಿಸಿ ಮತ್ತೆ ಏರಿಸಬೇಕಿತ್ತು. ಈಗ ಕಡತ ಪರದೆಯ ಮೇಲೆಯೇ ಬರುತ್ತದೆ, ಅಲ್ಲಿಂದಲೇ ಮುಂದಿನ ಅಧಿಕಾರಿಗೆ ಹೋಗುತ್ತದೆ. ಕೆಲಸ ಚುರುಕಾಗಿದೆ, ಸಾರ್ವಜನಿಕರ ಅಲೆದಾಟ ಕಡಿಮೆಯಾಗಿದೆ. ಇದನ್ನು ಹಿಂದಕ್ಕೆ ತಿರುಗಿಸಬೇಕೆಂದು ನಾನು ಹೇಳುವುದಿಲ್ಲ. ಆದರೆ ಕೆಲಸದೊಳಗೆ ತಾನಾಗಿ ಸೇರಿಕೊಂಡಿದ್ದ ನಡಿಗೆ ಯಾರ ಗಮನಕ್ಕೂ ಬಾರದೆ ಇಲ್ಲವಾಯಿತು, ಅದರ ಜಾಗಕ್ಕೆ ನಾವು ಬೇರೇನನ್ನೂ ತಂದುಕೊಂಡಿಲ್ಲ. ಬೆಂಗಳೂರಿನಂಥ ನಗರದಲ್ಲಿ ಕಚೇರಿಗೆ ಹೋಗಿ ಬರುವ ಹೊತ್ತೂ ಬಸ್ಸಿನಲ್ಲೋ ಕಾರಿನಲ್ಲೋ ಕುಳಿತೇ ಕಳೆಯುತ್ತದೆ. ಒಳ್ಳೆಯ ಕುರ್ಚಿ ಬೇಕು, ಸರಿಯಾದ ಭಂಗಿಯೂ ಬೇಕು. ಆದರೆ ಅವೆರಡೂ ಇದ್ದ ಮಾತ್ರಕ್ಕೆ ಗಂಟೆಗಟ್ಟಲೆ ಅಲುಗಾಡದೆ ಕುಳಿತಿರುವುದು ನಿರಪಾಯಕರವಾಗುವುದಿಲ್ಲ, ಆಗಾಗ ಏಳುವುದಕ್ಕೆ ಕಚೇರಿಯ ವ್ಯವಸ್ಥೆಯಲ್ಲೇ ಅವಕಾಶವಿರಬೇಕು ಎಂಬುದನ್ನು ಇಂದು ನಿಮ್ಮ ಮುಂದಿಡಲು ಬಯಸುತ್ತೇನೆ.

ಈ ಆತಂಕ ಗಣಕಯಂತ್ರದೊಂದಿಗೆ ಹುಟ್ಟಿದ್ದಲ್ಲ. ಕಸುಬುದಾರರ ಕಾಯಿಲೆಗಳನ್ನು ಕುರಿತು ಮೊದಲ ಬಾರಿಗೆ ವ್ಯವಸ್ಥಿತವಾಗಿ ಬರೆದ ಇಟಲಿಯ ವೈದ್ಯ ಬರ್ನಾರ್ಡಿನೊ ರಮಾಜ್ಜಿನಿ, ತನ್ನ ಗ್ರಂಥದ 1713ರ ಆವೃತ್ತಿಯಲ್ಲಿ ಲಿಪಿಕಾರರ ಮತ್ತು ಗುಮಾಸ್ತರ ಬಾಧೆಗಳಿಗೆ ಮೂರು ಕಾರಣಗಳನ್ನು ಕೊಟ್ಟಿದ್ದ: ಬಿಡದೆ ಕುಳಿತಿರುವುದು, ಕೈಯ ಒಂದೇ ಬಗೆಯ ನಿರಂತರ ಚಲನೆ ಮತ್ತು ತಪ್ಪಾಗಬಾರದೆಂಬ ಮನಸ್ಸಿನ ಒತ್ತಡ. ಇಂದು ದತ್ತಾಂಶ ನಮೂದಿಸುವ ನೌಕರರನ್ನು ಪರೀಕ್ಷಿಸುವ ವೈದ್ಯರು ಈ ಪಟ್ಟಿಯಿಂದ ಒಂದನ್ನೂ ತೆಗೆದುಹಾಕಲಾರರು.

ಆಧುನಿಕ ಕಾಲದಲ್ಲಿ ಇದಕ್ಕೆ ಅಂಕಿಅಂಶಗಳ ಬಲ ಕೊಟ್ಟವರು ಬ್ರಿಟನ್ನಿನ ವೈದ್ಯ ಸಂಶೋಧಕ ಜೆರಿ ಮೋರಿಸ್. ಲಂಡನ್ನಿನ ಎರಡು ಅಂತಸ್ತಿನ ಬಸ್ಸುಗಳಲ್ಲಿ ಚಾಲಕ ದಿನವಿಡೀ ಕುಳಿತಿರುತ್ತಿದ್ದ, ನಿರ್ವಾಹಕ ಟಿಕೆಟ್ ಕೊಡುತ್ತ ದಿನವಿಡೀ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಒಂದೇ ಸಂಸ್ಥೆ, ಒಂದೇ ಬಸ್ಸು, ಹೆಚ್ಚುಕಡಿಮೆ ಒಂದೇ ಬಗೆಯ ಮನೆತನಗಳಿಂದ ಬಂದವರು. ಮೋರಿಸ್ ಮತ್ತು ಅವರ ಸಂಗಡಿಗರು 1953ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನಿರ್ವಾಹಕರಲ್ಲಿ ಹೃದಯದ ಕಾಯಿಲೆ ಚಾಲಕರಿಗಿಂತ ಕಡಿಮೆಯಿತ್ತು, ಬಂದರೂ ತಡವಾಗಿ ಮತ್ತು ಸೌಮ್ಯವಾಗಿ ಬರುತ್ತಿತ್ತು. ನಡೆದು ಪತ್ರ ಹಂಚುವ ಅಂಚೆಯವರನ್ನು ಅಂಚೆ ಇಲಾಖೆಯಲ್ಲೇ ಕುಳಿತು ಕೆಲಸ ಮಾಡುವವರೊಂದಿಗೆ ಹೋಲಿಸಿದಾಗಲೂ ಅಂಥದೇ ವ್ಯತ್ಯಾಸ ಕಂಡಿತು. ಚಾಲಕರ ಸಮವಸ್ತ್ರದ ಸೊಂಟದ ಅಳತೆ ನಿರ್ವಾಹಕರದಕ್ಕಿಂತ ದೊಡ್ಡದೆಂಬುದನ್ನೂ ಅದೇ ತಂಡ ಮುಂದೆ ಕಂಡುಕೊಂಡಿತು. ಹೀಗೆ ಮೈಕಟ್ಟೂ ಬೇರೆಯಾಗಿದ್ದುದರಿಂದ ಕಾಯಿಲೆಯ ವ್ಯತ್ಯಾಸವೆಲ್ಲ ಮೆಟ್ಟಿಲಿನಿಂದಲೇ ಬಂದದ್ದೆನ್ನಲಾಗದು. ಆದರೂ ಒಂದು ವಿಷಯವನ್ನು ಗಮನಿಸಬೇಕು. ಆ ನಿರ್ವಾಹಕರು ಆರೋಗ್ಯಕ್ಕೆಂದು ಮೆಟ್ಟಿಲು ಹತ್ತಿದವರಲ್ಲ, ಅವರ ಕೆಲಸವೇ ಅವರನ್ನು ಹತ್ತಿಸುತ್ತಿತ್ತು.

ಕುಳಿತಾಗ ದೇಹದೊಳಗೆ ಏನಾಗುತ್ತದೆ? ಕಾಲಿನಿಂದ ರಕ್ತ ಗುರುತ್ವದ ವಿರುದ್ಧ ಹೃದಯದತ್ತ ಮೇಲೇರಬೇಕಾದರೆ ಮೀನಖಂಡದ ಸ್ನಾಯುಗಳು ಸಂಕುಚಿಸಿ ಅಭಿಧಮನಿಗಳನ್ನು ಹಿಂಡಬೇಕು, ಆ ನಾಳಗಳ ಕವಾಟಗಳು ರಕ್ತ ಕೆಳಗಿಳಿಯದಂತೆ ತಡೆಯಬೇಕು. ಅಲುಗಾಡದೆ ಕುಳಿತಾಗ ಈ ಹಿಂಡುವ ಕೆಲಸ ಬಹುಮಟ್ಟಿಗೆ ನಿಲ್ಲುತ್ತದೆ. ಸಂಜೆಯ ಹೊತ್ತಿಗೆ ಪಾದ ಊದಿ ಚಪ್ಪಲಿ ಬಿಗಿಯಾಗುವುದಕ್ಕೆ ಇದೂ ಒಂದು ಕಾರಣ. ಬೆನ್ನುಮೂಳೆಗಳ ನಡುವಿನ ಡಿಸ್ಕುಗಳ ಸ್ಥಿತಿ ಇನ್ನೂ ಸೂಕ್ಷ್ಮವಾದದ್ದು. ಬೆಳೆದವರಲ್ಲಿ ಅವುಗಳ ಒಳಭಾಗಕ್ಕೆ ರಕ್ತನಾಳಗಳಿಲ್ಲ. ಪೋಷಕಾಂಶಗಳು ಅಕ್ಕಪಕ್ಕದ ಮೂಳೆಯಿಂದ ನಿಧಾನವಾಗಿ ಒಸರಿ ಬರಬೇಕು. ಬೆನ್ನು ಬಾಗುವುದು, ಚಾಚುವುದು, ಅದರ ಮೇಲಿನ ಭಾರ ಹೆಚ್ಚುಕಡಿಮೆಯಾಗುವುದು ಆ ದ್ರವದ ಹೋಗಿಬರುವಿಕೆಗೆ ನೆರವಾಗುತ್ತದೆ. ಆದ್ದರಿಂದ ಅತ್ಯಂತ ಸರಿಯಾದ ಭಂಗಿಯಲ್ಲಿ ಮೂರು ಗಂಟೆ ಕುಳಿತವರ ಬೆನ್ನೂ ನೋಯುತ್ತದೆ.

ಸಕ್ಕರೆ ಕಾಯಿಲೆಯ ವಿಷಯ ನಮ್ಮ ದೇಶಕ್ಕೆ ವಿಶೇಷವಾಗಿ ಅನ್ವಯಿಸುತ್ತದೆ. ಭಾರತದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದ, 2023ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿತು. ಮಧ್ಯಾಹ್ನದ ಅನ್ನವನ್ನೋ ಮುದ್ದೆಯನ್ನೋ ಊಟ ಮಾಡಿ ನೇರವಾಗಿ ಕುರ್ಚಿಗೆ ಮರಳಿದಾಗ ರಕ್ತದಲ್ಲಿ ಏರುವ ಸಕ್ಕರೆಯನ್ನು ಬಳಸಿಕೊಳ್ಳಬೇಕಾದ ದೊಡ್ಡ ಸ್ನಾಯುಗಳು ಸುಮ್ಮನಿರುತ್ತವೆ. ಆಸ್ಟ್ರೇಲಿಯಾದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಹೆಚ್ಚು ತೂಕದ ಜನರು ಕುಳಿತಿರುವ ನಡುವೆ 20 ನಿಮಿಷಕ್ಕೊಮ್ಮೆ ಕೇವಲ 2 ನಿಮಿಷ ಮೆಲ್ಲಗೆ ನಡೆದಾಗಲೂ ಆಹಾರಾನಂತರದ ಸಕ್ಕರೆ ಮತ್ತು ಇನ್ಸುಲಿನ್ ಪ್ರಮಾಣಗಳು ಗಣನೀಯವಾಗಿ ತಗ್ಗಿದವು. ಬೆವರು ಬರುವಂಥ ವ್ಯಾಯಾಮ ಅದಲ್ಲ. ವರಾಂಡದ ತುದಿಯವರೆಗೆ ಹೋಗಿ ಬಂದಷ್ಟೇ ನಡಿಗೆ.

ಹಾಗಾದರೆ ಬೆಳಿಗ್ಗೆ ಕಬ್ಬನ್ ಪಾರ್ಕಿನಲ್ಲೋ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲೋ ನಡೆಯುವವರಿಗೆ ಈ ಚಿಂತೆ ಬೇಡವೇ ಎಂದು ನೀವು ಕೇಳಬಹುದು. ಆ ನಡಿಗೆ ಬಹಳ ದೊಡ್ಡ ರಕ್ಷಣೆ ಎಂಬುದರಲ್ಲಿ ಅನುಮಾನವಿಲ್ಲ. 10 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2016ರಲ್ಲಿ ಮಾಡಿದ ವಿಶ್ಲೇಷಣೆಯೊಂದು, ದಿನಕ್ಕೆ 8 ಗಂಟೆಗೂ ಮೀರಿ ಕುಳಿತಿರುವವರಲ್ಲಿ ಹೆಚ್ಚುವ ಅಕಾಲಮರಣದ ಅಪಾಯವನ್ನು ದಿನಕ್ಕೆ 60ರಿಂದ 75 ನಿಮಿಷಗಳ ಮಧ್ಯಮ ತೀವ್ರತೆಯ ಚಟುವಟಿಕೆ ನೀಗಿಸಬಲ್ಲದೆಂದು ಸೂಚಿಸಿತು. ಆದರೆ ಪ್ರತಿದಿನ ಅಷ್ಟು ಸಮಯ ಎಷ್ಟು ಜನರಿಗೆ ಸಿಕ್ಕೀತು? ಮನೆಗೆ ಬಂದು ಅಡುಗೆ, ಮಕ್ಕಳ ಪಾಠ, ಹಿರಿಯರ ಆರೈಕೆಗಳಿಗೆ ನಿಲ್ಲುವ ಹೆಣ್ಣುಮಕ್ಕಳಿಗಂತೂ ಅದು ದೂರದ ಮಾತು. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಚಟುವಟಿಕೆಯನ್ನು ಹೇಳಿದ್ದಲ್ಲದೆ, ಕುಳಿತಿರುವ ಹೊತ್ತನ್ನು ಕಡಿಮೆ ಮಾಡಿ ಅದರ ಬದಲು ಯಾವುದೇ ತೀವ್ರತೆಯ, ಹಗುರಾದರೂ ಸರಿ, ಚಲನೆ ಮಾಡುವುದು ಒಳ್ಳೆಯದೆಂದು ಸ್ಪಷ್ಟವಾಗಿ ಸೇರಿಸಿದೆ.

ಇನ್ನು ಕುರ್ಚಿ ಮೇಜುಗಳ ವಿಷಯ. ಪಾದಗಳು ಪೂರ್ತಿಯಾಗಿ ನೆಲಕ್ಕೆ ತಾಗಬೇಕು, ಸೊಂಟದ ಒಳಬಾಗಿಗೆ ಒರಗು ಸಿಗಬೇಕು, ಕೀಲಿಮಣೆಯ ಮೇಲೆ ಕೈಯಿಟ್ಟಾಗ ಭುಜ ಮೇಲೇರದೆ ಮೊಣಕೈ ಪಕ್ಕೆಯ ಹತ್ತಿರವಿರಬೇಕು, ಪರದೆ ಒಂದು ತೋಳಿನಷ್ಟು ದೂರದಲ್ಲಿದ್ದು ಅದರ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗೆ ಬರಬೇಕು. ಓದಲು ಕೆಳಗಿನ ಭಾಗವನ್ನು ಬಳಸುವ ಕನ್ನಡಕದವರು ಪರದೆಯನ್ನು ಇನ್ನಷ್ಟು ತಗ್ಗಿಸಿಕೊಳ್ಳಬೇಕು, ಇಲ್ಲವಾದರೆ ಇಡೀ ದಿನ ಗಲ್ಲ ಎತ್ತಿಕೊಂಡೇ ಕೆಲಸ ಮಾಡಬೇಕಾಗುತ್ತದೆ. ನಮ್ಮ ಅನೇಕ ಕಚೇರಿಗಳ ಕುರ್ಚಿಗಳು ಎತ್ತರದ ಆಳಿಗೆ ತಕ್ಕಂತಿದ್ದು, ಗಿಡ್ಡನೆಯ ಮಹಿಳೆಯರ ಪಾದ ನೆಲ ಮುಟ್ಟುವುದಿಲ್ಲ. ತೊಡೆಯ ಹಿಂಭಾಗ ಒತ್ತಿ ಕಾಲು ಜೋಮು ಹಿಡಿಯುತ್ತದೆ. ಇದಕ್ಕೆ ದುಬಾರಿ ಕುರ್ಚಿಯೇ ಬೇಕೆಂದಿಲ್ಲ, ಒಂದು ಮರದ ಕಾಲುಮಣೆ ಸಾಕು. ಲ್ಯಾಪ್‌ಟಾಪಿನಲ್ಲೇ ದಿನವಿಡೀ ದುಡಿಯುವವರು ಅದನ್ನು ಎತ್ತರಿಸಿಟ್ಟು, ಬೇರೆ ಕೀಲಿಮಣೆ ಜೋಡಿಸಿಕೊಳ್ಳುವುದು ಕುತ್ತಿಗೆಗೆ ಮಾಡುವ ದೊಡ್ಡ ಉಪಕಾರ.

ಎಷ್ಟು ಹೊತ್ತಿಗೊಮ್ಮೆ ಏಳಬೇಕು ಎಂಬುದಕ್ಕೆ ಎಲ್ಲರೂ ಒಪ್ಪುವ ಒಂದೇ ಸಂಖ್ಯೆಯಿಲ್ಲ. ಅರ್ಧ ಗಂಟೆಗೊಮ್ಮೆ ಎದ್ದು ಒಂದೆರಡು ನಿಮಿಷ ನಡೆಯುವುದು ಹೆಚ್ಚಿನವರಿಗೆ ಸಾಧ್ಯವಾಗುವ ನಿಯಮವೆಂದು ನನ್ನ ಅಭಿಪ್ರಾಯ. ದೂರವಾಣಿ ಕರೆ ಬಂದಾಗ ನಿಂತು ಮಾತಾಡಬಹುದು. ಪಕ್ಕದ ವಿಭಾಗದವರಿಗೆ ಸಂದೇಶ ಕಳಿಸುವ ಬದಲು ನಡೆದು ಹೋಗಿ ಕೇಳಬಹುದು. ಕಾಫಿಯನ್ನು ಮೇಜಿಗೆ ತರಿಸಿಕೊಳ್ಳದೆ ಎದ್ದು ಹೋಗಿ ಕುಡಿಯಬಹುದು. ಆಯುಷ್ ಸಚಿವಾಲಯ ಕಚೇರಿ ನೌಕರರಿಗೆಂದೇ 5 ನಿಮಿಷಗಳ ಯೋಗ ವಿರಾಮವನ್ನು ರೂಪಿಸಿ, 2021ರ ಸೆಪ್ಟೆಂಬರಿನಲ್ಲಿ ‘ವೈ-ಬ್ರೇಕ್’ ಎಂಬ ಆ್ಯಪ್ ಹೊರತಂದಿತು. ತಾಡಾಸನ, ಕಟಿಚಕ್ರಾಸನ, ನಾಡಿಶೋಧನ ಪ್ರಾಣಾಯಾಮದಂಥ ಸರಳ ಅಭ್ಯಾಸಗಳು ಅದರಲ್ಲಿವೆ. ಚಾಪೆಯಾಗಲಿ ಉಡುಪು ಬದಲಿಸುವುದಾಗಲಿ ಬೇಕಾಗಿಲ್ಲ.

ನೀರು ಕುಡಿಯಿರಿ, ಆಗ ತಾನಾಗಿ ಏಳಬೇಕಾಗುತ್ತದೆ ಎಂಬ ಸಲಹೆಯನ್ನು ಎಲ್ಲರೂ ಕೊಡುತ್ತಾರೆ. ಆದರೆ ಶುಚಿಯಾದ ಶೌಚಾಲಯವಿಲ್ಲದ ಕಚೇರಿಯಲ್ಲಿ ಮಹಿಳೆಯರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಬೆಳಿಗ್ಗೆ ಬಂದವರು ಸಂಜೆಯವರೆಗೆ ಹಾಗೇ ಕುಳಿತಿರುತ್ತಾರೆ. ಅಲ್ಲಿ ಬೇಕಾದದ್ದು ಆರೋಗ್ಯದ ಉಪದೇಶವಲ್ಲ, ನೀರು ಬರುವ ನಲ್ಲಿ ಮತ್ತು ಚಿಲಕವಿರುವ ಬಾಗಿಲು. ಹಾಗೆಯೇ, ಎದ್ದು ನಿಂತ ನೌಕರನನ್ನು ಕಂಡೊಡನೆ ಕೆಲಸಗಳ್ಳನೆಂದು ಭಾವಿಸುವ ಮೇಲಧಿಕಾರಿ ಇರುವಲ್ಲಿ ಯಾವ ಆ್ಯಪ್ ಕೂಡ ಉಪಯೋಗಕ್ಕೆ ಬಾರದು. ಸಭೆ ಒಂದು ಗಂಟೆ ದಾಟಿದರೆ ನಡುವೆ ಎಲ್ಲರೂ ಏಳುವ ಪದ್ಧತಿಯನ್ನು ಅಧ್ಯಕ್ಷತೆ ವಹಿಸಿದವರು ತರಬೇಕು. ಅವರೇ ಮೊದಲು ಎದ್ದರೆ ಉಳಿದವರ ಸಂಕೋಚ ಹೋಗುತ್ತದೆ. ಸರತಿಯ ಸಾಲು ಮುಂದಿರುವ ಬ್ಯಾಂಕ್ ಕೌಂಟರಿನಲ್ಲಿ ಕುಳಿತವರು ತಾವಾಗಿ ಏಳಲಾರರು, ಅವರ ಜಾಗಕ್ಕೆ ಹತ್ತು ನಿಮಿಷ ಇನ್ನೊಬ್ಬರನ್ನು ಕೂರಿಸುವ ಏರ್ಪಾಡನ್ನು ಶಾಖೆಯ ವ್ಯವಸ್ಥಾಪಕರೇ ಮಾಡಬೇಕು.

ಹಾಗೆಂದು ದಿನವಿಡೀ ನಿಲ್ಲುವುದೂ ಪರಿಹಾರವಲ್ಲ. ಅದರಿಂದ ಕಾಲಿನ ಅಭಿಧಮನಿಗಳು ಉಬ್ಬಬಹುದು, ಸೊಂಟವೂ ನೋಯಬಹುದು. ನಿಂತೇ ದುಡಿಯಬೇಕಾದವರಿಗೆ ಕೂರಲು ಅನುಕೂಲವಿರಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯ 44ನೇ ಕಲಮು ಹೇಳಿತ್ತು. ಅಂಗಡಿಗಳ ನೌಕರರಿಗೂ ಆ ಹಕ್ಕು ಸಿಗುವಂತೆ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ತಿದ್ದಿದವು. ಬಟ್ಟೆ ಅಂಗಡಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ನಿಲ್ಲುವ ಹುಡುಗಿಗೆ ಕುರ್ಚಿ ಎಷ್ಟು ಅಗತ್ಯವೋ, ಕಚೇರಿಯಲ್ಲಿ ಕುಳಿತವರಿಗೆ ಕುರ್ಚಿಯಿಂದ ಬಿಡುವು ಅಷ್ಟೇ ಅಗತ್ಯ.

ಕೊನೆಯದಾಗಿ ಒಂದು ಎಚ್ಚರಿಕೆ. ಕುಳಿತು ಬಂದ ಸಾಮಾನ್ಯ ಬೆನ್ನುನೋವು ಓಡಾಡಿದರೆ ಸಡಿಲವಾಗುತ್ತದೆ. ಆದರೆ ನೋವು ಸೊಂಟದಿಂದ ಕಾಲಿಗಿಳಿದು ಜೋಮು ಅಥವಾ ನಿಶ್ಶಕ್ತಿ ಕಾಣಿಸಿದರೆ, ಒಂದೇ ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ ವ್ಯಾಯಾಮದಿಂದ ಸರಿಹೋದೀತೆಂದು ಕಾಯದೆ ಬೇಗನೆ ವೈದ್ಯರನ್ನು ಕಾಣಬೇಕು. ಬೆನ್ನುನೋವಿನೊಂದಿಗೆ ಮಲಮೂತ್ರಗಳ ಹಿಡಿತ ತಪ್ಪಿದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೋಗಬೇಕು. ನಮಸ್ಕಾರ.