ನೀರಲ್ಲಿ ನಿಂತ ದೋಣಿಗೆ ಅಡ್ವಾನ್ಸ್ ಕೊಡ್ಬೇಡಿ

ನಮಸ್ಕಾರ. ಇವತ್ತು ಅಂಜಲ್ ಮೀನಿನ ಗಾಳದ ವಿಡಿಯೊ ಹಾಕ್ತೇನೆ ಅಂತ ಹೇಳಿದ್ದೆ. ಅದು ಮುಂದಿನ ವಾರ. ನಿನ್ನೆ ರಾತ್ರಿ ಒಂದು ಮೆಸೇಜ್ ಬಂತು, ಓದಿದ ಮೇಲೆ ನಂಗೆ ನಿದ್ದೆ ಬರ್ಲಿಲ್ಲ. ಕೇಳಿ.

"ಅಣ್ಣಾ, 22 ಅಡಿ ಫೈಬರ್ ದೋಣಿ, 40 ಎಚ್‌ಪಿ ಎಂಜಿನ್, ಎರಡೇ ವರ್ಷ ಹಳತು, ಪೇಂಟ್ ಹೊಸ್ತು. ಹೊಳೆಗೂ ಆಗ್ತದೆ, ಕಡಲಿಗೂ ಆಗ್ತದೆ ಅಂತಾರೆ. ಮೂರೂವರೆ ಲಕ್ಷ ಹೇಳಿ ಮೂರಕ್ಕೆ ಇಳಿದಿದ್ದಾರೆ. ಭಾನುವಾರ ಅಡ್ವಾನ್ಸ್ ಕೊಡ್ತೇನೆ. ಹೇಗುಂಟು?"

ಜೊತೆಗೆ ನಾಲ್ಕು ಫೋಟೊ. ಮೂರು ಎಂಜಿನ್ದು. ಒಂದು ದೋಣಿದು, ಅದೂ ನೀರಲ್ಲಿ ತೇಲ್ತಾ ಇರುವಾಗ, ಮುಂದಿನಿಂದ ತೆಗೆದದ್ದು. ಹೇಗುಂಟು ಅಂತ ನಾನು ಎಂತ ಹೇಳ್ಲಿ ಮಾರಾಯ್ರೆ? ದೋಣಿಯೇ ಕಾಣ್ತಾ ಇಲ್ಲ! ಕಾಣೋದು ಬಣ್ಣ ಮಾತ್ರ. ನೋಡ್ಬೇಕಾದ್ದು ಪೂರಾ ನೀರಿನ ಅಡಿಗೆ ಉಂಟು, ಮತ್ತೆ ಹಿಂದೆ ಉಂಟು.

ಈ ಚಾನೆಲ್ ಶುರು ಮಾಡಿದ ದಿನದಿಂದ ನಾನು ಹೇಳ್ತಾ ಇರೋದು ಒಂದೇ ಮಾತು. ನೀರಲ್ಲಿ ನಿಂತ ದೋಣಿಗೆ ದುಡ್ಡು ಕೊಡ್ಬೇಡಿ. ದಡಕ್ಕೆ ಎಳೆಸಿ, ಎಂಜಿನ್ ಕಟ್ಟುವ ಹಿಂದಿನ ಹಲಗೆಗೆ ಸುತ್ತಿಗೆಯಲ್ಲಿ ತಟ್ಟಿ, ಆಮೇಲೆ ರೇಟ್ ಮಾತಾಡಿ.

ಯಾಕೆ ಆ ಹಲಗೆ? ಫೈಬರ್ ದೋಣಿ ಅಂದ್ರೆ ಗಾಜಿನ ನಾರು ಮತ್ತೆ ರಾಳ, ಅದು ಕೊಳೆಯುದಿಲ್ಲ. ಸರಿ. ಆದ್ರೆ ಎಂಜಿನ್ ಭಾರ ತಡೀಲಿಕ್ಕೆ ಹಿಂದಿನ ಗೋಡೆಯ ಹೊಟ್ಟೆಯೊಳಗೆ ಹೆಚ್ಚಿನ ದೋಣಿಗಳಲ್ಲಿ ಪ್ಲೈವುಡ್ ಇಟ್ಟಿರ್ತಾರೆ. ಆಚೆ ಈಚೆ ಫೈಬರ್, ನಡುವೆ ಮರ. ಅದಕ್ಕೆ ತೂತು ಕೊರೆದು ಎಂಜಿನ್ ಬೋಲ್ಟ್ ಹಾಕ್ತಾರೆ. ಬೋಲ್ಟಿನ ಸುತ್ತ ಹಚ್ಚಿದ ಸೀಲೆಂಟ್ ಎರಡು ಮೂರು ಬೇಸಿಗೆಗೆ ಒಣಗಿ ಬಿರುಕು ಬಿಡ್ತದೆ. ಉಪ್ಪುನೀರು ನಿಧಾನಕ್ಕೆ ಒಳಗೆ ಇಳೀತದೆ. ಹೊರಗೆ ಹೋಗ್ಲಿಕ್ಕೆ ದಾರಿ ಇಲ್ಲ. ಮರ ಒಳಗೊಳಗೇ ಕೊಳೀತದೆ, ಹೊರಗಿನ ಫೈಬರ್ ಕನ್ನಡಿಯ ಹಾಗೆ ಹೊಳೀತಾ ಇರ್ತದೆ. ಮೇಲೆ ಬಸಪ್ಪ, ಒಳಗೆ ವಿಷಪ್ಪ.

ಆ ಕೊಳೆತ ಹಲಗೆಗೆ ನೀವು 70 ಕೆಜಿಯ ಎಂಜಿನ್ ಕಟ್ತೀರಿ. ಬರೀ ತೂಕ ಅಲ್ಲ, ಇಡೀ ದೋಣಿಯನ್ನು ಮುಂದಕ್ಕೆ ದೂಡುವ ಬಲ ಬೀಳೋದೂ ಅದೇ ಹಲಗೆಯ ಮೇಲೆ. ಹೊಳೆಯಲ್ಲಿ ಕಾಣೆ ಮೀನು ಹಿಡಿದು ಬರುವಾಗ ಗೊತ್ತಾಗುದಿಲ್ಲ, ನೀರು ಸಪಾಟು. ಹೊಳೆ ಕಡಲಿಗೆ ಸೇರುವ ಅಳಿವೆ ಬಾಗಿಲು ದಾಟಿ ಹೊರಗೆ ಹೋದ್ರೆ ಪ್ರತಿ ತೆರೆಗೂ ಎಂಜಿನ್ ಸನ್ನೆಕೋಲಿನ ಹಾಗೆ ಆ ಹಲಗೆಯನ್ನು ಎಬ್ಬುತ್ತದೆ.

ಇದು ನಾನು ಪುಸ್ತಕ ಓದಿ ಹೇಳೋದಲ್ಲ. 2017ರಲ್ಲಿ ನಾನು ಮತ್ತೆ ನನ್ನ ಭಾವ ಸೇರಿ ಒಂದು ಹಳೇ ದೋಣಿ ತಗೊಂಡ್ವಿ. ನೀರಲ್ಲೇ ನೋಡಿ, ನೀರಲ್ಲೇ ದುಡ್ಡು ಕೊಟ್ಟು. ಒಂದು ತಿಂಗಳು ಪಂಚಗಂಗಾವಳಿ ಹೊಳೆಯಲ್ಲಿ ಚೆಂದ ಓಡ್ತು. ಒಂದು ದಿನ ಬೆಳಿಗ್ಗೆ ಗಂಗೊಳ್ಳಿ ಅಳಿವೆ ದಾಟ್ತಾ ಇದ್ದೇವೆ, ಎರಡನೇ ತೆರೆಗೆ ಹಿಂದಿನಿಂದ 'ಕರ್' ಅಂತ ಶಬ್ದ. ತಿರುಗಿ ನೋಡಿದ್ರೆ ಹಲಗೆಗೂ ದೋಣಿಯ ಬದಿಗೂ ನಡುವೆ ಬೆರಳು ಹೋಗುವಷ್ಟು ಸೀಳು. ಎಂಜಿನ್ ಕುಡುಕನ ಹಾಗೆ ತೂಗ್ತಾ ಉಂಟು. ಭಾವ ಎಂಜಿನ್ ಆಫ್ ಮಾಡಿ ಎರಡೂ ಕೈಯಲ್ಲಿ ಅದನ್ನು ತಬ್ಬಿ ಹಿಡಿದ್ರು, ನಾನು ಬಕೆಟಲ್ಲಿ ನೀರು ಚೆಲ್ತಾ ಇದ್ದೆ. ಹಿಂದಿನಿಂದ ಬರ್ತಾ ಇದ್ದ ನಾಡದೋಣಿಯವರು ಹಗ್ಗ ಎಸೆದು ಎಳ್ಕೊಂಡು ಬಂದದ್ದಕ್ಕೆ ನಾನು ಇವತ್ತು ಮೈಕ್ ಮುಂದೆ ಕೂತಿದ್ದೇನೆ.

ದಡಕ್ಕೆ ತಂದು ಹಲಗೆಗೆ ಸಣ್ಣ ಡ್ರಿಲ್ ಹಾಕಿದೆ. ಒಣ ಮರದ ಪುಡಿ ಬರ್ಬೇಕಲ್ಲ? ಕಪ್ಪು ಬಣ್ಣದ ಕೆಸರು ಬಂತು, ನೆನೆದು ಹುಳಿ ಬಂದ ಅವಲಕ್ಕಿಯ ಹಾಗೆ. ಮೂಸಿದ್ರೆ ಕೊಳೆತ ತೆಂಗಿನ ನಾರಿನ ವಾಸನೆ. ಬೆರಳಲ್ಲಿ ಒತ್ತಿದ್ರೆ ನೀರು ಇಳೀತಿತ್ತು. ಆ ವಾಸನೆ ಇವತ್ತಿಗೂ ನನ್ನ ಮೂಗಲ್ಲಿ ಉಂಟು. ಅದಕ್ಕೇ ಹೇಳೋದು, ಎಳೆಸಿ, ತಟ್ಟಿ!

ಹೇಗೆ ತಟ್ಟೋದು? ಸಣ್ಣ ಸುತ್ತಿಗೆ, ಅಥವಾ ಸ್ಕ್ರೂಡ್ರೈವರಿನ ಹಿಡಿ. ಬೋಲ್ಟಿನ ಸುತ್ತಲೂ, ಕೆಳಗೆ ನೀರು ಖಾಲಿ ಮಾಡುವ ತೂತಿನ ಹತ್ರವೂ. ಗಟ್ಟಿ ಇದ್ರೆ 'ಟಕ್ ಟಕ್' ಅಂತ ಸುತ್ತಿಗೆ ಪುಟೀತದೆ. ಕೊಳೆತಿದ್ರೆ 'ಬೊದ್' ಅಂತದೆ, ಹಲಸಿನ ಹಣ್ಣು ತಟ್ಟಿದ ಹಾಗೆ. ನಮ್ಮೂರಲ್ಲಿ ಹಲಸು ತಟ್ಟಿ ನೋಡ್ಲಿಕ್ಕೆ ಬಾರದವರು ಯಾರಿದ್ದಾರೆ? ಆಮೇಲೆ ಎಂಜಿನ್ ಮೇಲಕ್ಕೆತ್ತಿ, ನೀರಿಗೆ ಇಳಿಯುವ ಅದರ ಕಾಲು ಹಿಡಿದು ಅಲ್ಲಾಡಿಸಿ. ಎಂಜಿನ್ ಜೊತೆ ಹಲಗೆಯೂ ಬಾಗಿದ್ರೆ ನಮಸ್ಕಾರ ಹೇಳಿ ಮನೆಗೆ ಬನ್ನಿ. ಒಂದು ರಾತ್ರಿ ದಡದಲ್ಲಿ ಇಟ್ಟ ಮೇಲೂ ತಳದಿಂದ ನೀರು ತೊಟ್ಟಿಕ್ತಾ ಇದ್ರೆ ಒಳಗೆ ನೀರು ಕುಡಿದಿದೆ ಅಂತ ಲೆಕ್ಕ.

ಇನ್ನು, ಎಳೆಸಿ ಅಂದ್ರೆ ನೀವು ಕೊಡುವ ಉತ್ತರಗಳು. ಕ್ರೇನ್ ತರಿಸ್ಬೇಕು, ಖರ್ಚು ಅಂತೀರಿ. ಮೂರು ಲಕ್ಷ ಕೊಡ್ಲಿಕ್ಕೆ ಉಂಟು, ಎಳೆಸ್ಲಿಕ್ಕೆ ಇಲ್ವಾ? ಮತ್ತೆ ಕ್ರೇನ್ ಯಾಕೆ? ಸಮುದ್ರ ದಿನಕ್ಕೆ ಎರಡು ಸಲ ಬಿಟ್ಟಿ ಎಳೆದು ಕೊಡ್ತದೆ! ಹುಣ್ಣಿಮೆಯೋ ಅಮಾವಾಸ್ಯೆಯೋ ನೋಡಿ, ನೀರು ಏರುವ ಭರತದ ಹೊತ್ತಿಗೆ ದೋಣಿಯನ್ನು ಮರಳ ದಂಡೆಗೆ ತಂದು ಕಟ್ಟಿ. ಸುಮಾರು ಆರು ಗಂಟೆ ಕಾಯಿರಿ. ಇಳಿತಕ್ಕೆ ದೋಣಿ ಒಣ ಮರಳಲ್ಲಿ ಕೂತಿರ್ತದೆ. ಸುತ್ತ ನಡೀರಿ, ಬಗ್ಗಿ ನೋಡಿ, ತಟ್ಟಿ. ಇನ್ನೂ ಸುಲಭ ಬೇಕಾ? ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆ ನಿಷೇಧ, 10 ಎಚ್‌ಪಿಗಿಂತ ದೊಡ್ಡ ಎಂಜಿನ್ನಿನ ದೋಣಿಗೂ ಕಡಲಿಗೆ ಇಳೀಲಿಕ್ಕಿಲ್ಲ. ಆಗ ದೋಣಿಗಳು ತೆಂಗಿನ ಮಡಲಿನ ಚಪ್ಪರದ ಅಡಿ ಮಲಗಿರ್ತವೆ. ಆಗ ಹೋಗಿ ತಟ್ಟಿ ನೋಡಿ. ಇಲ್ಲ, ನೀವು ಹೋಗೋದು ಆಗಸ್ಟಲ್ಲಿ, ಹೊಸ ಪೇಂಟ್ ಹೊಡೆದು ನೀರಿಗೆ ಬಿಟ್ಟ ಮೇಲೆ!

ಮೆಕ್ಯಾನಿಕ್ ನೋಡಿದ್ದಾನೆ ಅಂತೀರಿ. ಅವನು ನೋಡಿದ್ದು ಎಂಜಿನ್. ಎಂಜಿನ್ ಬಿಚ್ಚಿ ಬೇರೆ ದೋಣಿಗೆ ಕಟ್ಬಹುದು. ದೋಣಿಯನ್ನು ಬಿಚ್ಚಿ ಎಲ್ಲಿಗೆ ಕಟ್ತೀರಿ? ಎಂಜಿನ್ ಉಪ್ಪು ತೊಳೆಯುದು, ಕಂಪ್ರೆಷನ್ ನೋಡುದು ಹೇಗೆ ಅಂತ ನನ್ನ ಹಳೇ ವಿಡಿಯೊ ಉಂಟು, ನೋಡಿ, ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ. ಐಎನ್‌ಡಿ-ಕೆಎ ಅಂತ ಶುರುವಾಗುವ ನೋಂದಣಿ ನಂಬರ್ ದೋಣಿಯ ಮೇಲೂ ಕಾಗದದಲ್ಲೂ ಒಂದೇ ಉಂಟಾ ನೋಡ್ಕೊಳ್ಳಿ, ಅದೂ ಬೇಕು. ಆದ್ರೆ ಕಾಗದ ಹಿಡ್ಕೊಂಡು ಈಜ್ಲಿಕ್ಕೆ ಆಗುದಿಲ್ಲ.

ಮಾರುವವರು ಪರಿಚಯದವರು, ನಮ್ಮವರೇ ಅಂತ ಇನ್ನೊಬ್ರು ಬರೆದಿದ್ದಾರೆ. ನನಗೆ ಮಾರಿದವರೂ ಪರಿಚಯದವರೇ! ಮದುವೆಗೆ ಕರೆದು ಊಟ ಹಾಕಿದವರು! 'ಎಳೆಸಿ ನೋಡ್ತೇನೆ' ಅಂದ ಕೂಡಲೇ 'ಬೇರೆ ಪಾರ್ಟಿ ಬರ್ತಾ ಉಂಟು' ಅಂತ ಹೇಳಿದ್ರೆ ಆ ಪಾರ್ಟಿಯೇ ತಗೊಳ್ಳಲಿ ಬಿಡಿ. ದೋಣಿಗೆ ಬರಗಾಲ ಬಂದಿಲ್ಲ. ಮಲ್ಪೆ ಉಂಟು, ಗಂಗೊಳ್ಳಿ ಉಂಟು, ಹೊನ್ನಾವರ ಉಂಟು, ಕಾರವಾರ ಉಂಟು.

ಇನ್ನೆಂತ ಹೇಳ್ಲಿ? ಎಳೆಸಿ. ತಟ್ಟಿ. ಬಣ್ಣ ನೋಡ್ಬೇಡಿ, ಎಂಜಿನ್ನಿನ ಶಬ್ದಕ್ಕೆ ಮರುಳಾಗ್ಬೇಡಿ. ಎಳೆಸಿ! ನೂರು ಸಲ ಹೇಳ್ತೇನೆ, ಬೇಜಾರಿಲ್ಲ.

ಆ ಮೆಸೇಜ್ ಹಾಕಿದ ತಮ್ಮಾ, ನೀನು ಇದನ್ನು ನೋಡ್ತಾ ಇದ್ರೆ ಅಡ್ವಾನ್ಸ್ ಜೇಬಲ್ಲೇ ಇರ್ಲಿ. ದೋಣಿ ಎಲ್ಲಿ ಉಂಟು ಅಂತ ನಂಗೆ ಬರಿ. ಕುಂದಾಪುರದ ಆಚೀಚೆ ಆದ್ರೆ ಭಾನುವಾರ ಇಳಿತದ ಹೊತ್ತಿಗೆ ನಾನೇ ಬರ್ತೇನೆ. ಸುತ್ತಿಗೆ ನಂದೇ ತರ್ತೇನೆ.