ಕಡತದೊಳಗಿನ ಮನೆ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಮನೆಯ ಹಿಂದಿನ ಕೋಣೆಯ ನೆಲ ವರ್ಷವಿಡೀ ತೇವವಾಗಿಯೇ ಇರುತ್ತಿತ್ತು. ಬಿಸಿಲು ಕಾಲದಲ್ಲೂ ಮೂಲೆಯ ಕಪ್ಪು ಮಚ್ಚೆ ಆರುತ್ತಿರಲಿಲ್ಲ. ಗೋಡೆ ಕೆರೆದು ಬಣ್ಣ ಹೊಡೆಸಿದೆವು. ಚಾವಣಿ ನೋಡಿಸಿದೆವು. ನೀರಿನ ಪೈಪು ಬದಲಾಯಿಸಿದೆವು. ಏನೂ ಪ್ರಯೋಜನವಾಗಲಿಲ್ಲ. ಕೊನೆಗೆ ಕಾರಣ ಸಿಕ್ಕಿದ್ದು ನಮ್ಮ ಸ್ಥಳೀಯ ಸಂಸ್ಥೆಯ ಕಚೇರಿಯ ರೆಕಾರ್ಡ್ ರೂಮಿನಲ್ಲಿದ್ದ ಒಂದು ಹಳೆಯ ಫೈಲಿನಲ್ಲಿ.

ಪಂಚಾಯ್ತಿ, ಪುರಸಭೆ, ಕೌನ್ಸಿಲ್ ಅಂತ ಒಂದೊಂದು ಕಡೆ ಒಂದೊಂದು ಹೆಸರು. ಮನೆ ಕಟ್ಟಲು ಅನುಮತಿ ಕೊಡುವುದು, ತೆರಿಗೆ ಹಾಕುವುದು, ಎಷ್ಟೋ ಕಡೆ ಚರಂಡಿ ನೋಡಿಕೊಳ್ಳುವುದೂ ಈ ಸ್ಥಳೀಯ ಸಂಸ್ಥೆಗಳೇ. ಹಾಗಾಗಿ ನಾವು ಹುಟ್ಟುವ ಮೊದಲೇ ಎದ್ದ ಮನೆಯ ಬಗ್ಗೆಯೂ ಅಲ್ಲಿ ಕಾಗದ ಇರಬಹುದು. ಅದನ್ನು ಪಡೆಯುವುದು ಹೇಗೆ, ಪಡೆದ ಮೇಲೆ ಓದುವುದು ಹೇಗೆ ಅಂತ ಇವತ್ತು ಹೇಳುತ್ತೇನೆ. ಓದುವ ಬಗ್ಗೆಯೇ ಜಾಸ್ತಿ ಹೇಳುತ್ತೇನೆ, ಏಕೆಂದರೆ ನಾನು ಎಡವಿದ್ದು ಅಲ್ಲೇ.

ಮೊದಲು ಕೇಳುವ ಮಾತು. ಬರೀ ಇವತ್ತಿನ ವಿಳಾಸ ಹಿಡಿದುಕೊಂಡು ಹೋದರೆ ಫೈಲು ಸಿಗದೇ ಇರಬಹುದು. ಬೀದಿಗೆ ಹೊಸ ಹೆಸರು ಬಂದಿರುತ್ತದೆ, ಬಾಗಿಲ ಸಂಖ್ಯೆ ಬದಲಾಗಿರುತ್ತದೆ. ನಿವೇಶನದ ಸಂಖ್ಯೆ, ಹಿಂದಿನ ಮಾಲೀಕರ ಹೆಸರು, ಮನೆ ಕಟ್ಟಿದ ಅಂದಾಜು ವರ್ಷ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಹಳೆಯ ರಿಜಿಸ್ಟರುಗಳು ಎಷ್ಟೋ ಸಲ ಅರ್ಜಿದಾರರ ಹೆಸರಿನ ಮೇಲೆಯೇ ಇರುತ್ತವೆ. ಇನ್ನೊಂದು, 'ಮನೆಯ ದಾಖಲೆ ಕೊಡಿ' ಅಂದರೆ ಯಾವುದೋ ಒಂದು ಹಾಳೆ ಕೊಟ್ಟು ಕಳಿಸುತ್ತಾರೆ. 'ಈ ನಿವೇಶನಕ್ಕೆ ಸಂಬಂಧಿಸಿದ ಎಲ್ಲ ಫೈಲುಗಳ ಪಟ್ಟಿ ಕೊಡಿ, ನಾನು ಮೊದಲು ಕೂತು ನೋಡುತ್ತೇನೆ, ಆಮೇಲೆ ಬೇಕಾದ ಪುಟದ ನಕಲು ಕೇಳುತ್ತೇನೆ' ಅನ್ನಿ. ಅಷ್ಟು ಹೇಳಿದರೆ ಗುಮಾಸ್ತರಿಗೂ ಕೆಲಸ ಹಗುರ.

ಇದು ಯಾರದೋ ಉಪಕಾರ ಅಂತ ಅಳುಕಬೇಡಿ. ಸರ್ಕಾರಿ ಕಾಗದವನ್ನು ಜನ ನೋಡಬಹುದು ಅಂತ ಸ್ವೀಡನ್ 1766ರಲ್ಲೇ ಕಾನೂನು ಮಾಡಿತ್ತು. ಭಾರತದ ಮಾಹಿತಿ ಹಕ್ಕು ಕಾಯ್ದೆ ಬಂದಿದ್ದು 2005ರಲ್ಲಿ. ಅದರಲ್ಲಿ ಉತ್ತರಕ್ಕೆ ಸಾಮಾನ್ಯವಾಗಿ 30 ದಿನದ ಗಡುವು. ದಾಖಲೆಯನ್ನು ಕಣ್ಣಾರೆ ನೋಡುವುದು, ಟಿಪ್ಪಣಿ ಮಾಡಿಕೊಳ್ಳುವುದು, ದೃಢೀಕರಿಸಿದ ನಕಲು ಪಡೆಯುವುದು, ಮೂರೂ ಆ ಹಕ್ಕಿನೊಳಗೇ ಬರುತ್ತವೆ. ಬ್ರಿಟನ್ನಿನ ಕಾನೂನಿನಲ್ಲಿ ಗಡುವು 20 ಕೆಲಸದ ದಿನಗಳು. ನ್ಯೂಜಿಲೆಂಡಿನಲ್ಲಂತೂ ಒಂದು ಜಾಗದ ಬಗ್ಗೆ ಕೌನ್ಸಿಲ್‌ಗೆ ಗೊತ್ತಿರುವುದನ್ನು ಒಟ್ಟುಗೂಡಿಸಿದ ವರದಿಯನ್ನೇ ಕೇಳಿ ಪಡೆಯಬಹುದು. ಅದನ್ನು 10 ಕೆಲಸದ ದಿನಗಳೊಳಗೆ ಕೊಡಬೇಕು. ಕೆಲವು ದೇಶಗಳಲ್ಲಿ ಮಾತ್ರ ನಕ್ಷೆಯನ್ನು ನಕಲು ಮಾಡುವ ಹಕ್ಕು ಅದನ್ನು ಬರೆದ ವಾಸ್ತುಶಿಲ್ಪಿಯ ಬಳಿಯೇ ಇರುತ್ತದೆ. ಅಲ್ಲಿ ನೋಡಲು ಬಿಡುತ್ತಾರೆ, ನಕಲಿಗೆ ಅವರ ಒಪ್ಪಿಗೆ ಬೇಕಾಗಬಹುದು.

ನಕಲು ಕೇಳುವಾಗ ಎರಡು ಮಾತು ಮರೆಯಬೇಡಿ. ಹಾಳೆಯ ಎರಡೂ ಬದಿ ಬೇಕು. ನಕ್ಷೆ ಬಣ್ಣದಲ್ಲೇ ಬೇಕು. ಅನುಮತಿ ಪತ್ರದ ಮುಂಬದಿಯಲ್ಲಿ 'ಮಂಜೂರಾಗಿದೆ' ಅಂತ ಸೀಲು ಇರುತ್ತದೆ. ಯಾವ ಷರತ್ತಿನ ಮೇಲೆ ಮಂಜೂರಾಗಿದೆ ಅನ್ನುವುದು ಎಷ್ಟೋ ಸಲ ಹಿಂಬದಿಯಲ್ಲಿರುತ್ತದೆ. ಇನ್ನು ಬಣ್ಣ. ಹಳೆಯ ನಕ್ಷೆಗಳಲ್ಲಿ ಹೊಸದಾಗಿ ಕಟ್ಟುವ ಭಾಗಕ್ಕೆ ಕೆಂಪು, ಕೆಡವುವ ಭಾಗಕ್ಕೆ ಹಳದಿ ಹಾಕುವ ಪದ್ಧತಿ ಬಹಳ ಕಡೆ ಇತ್ತು. ಕಪ್ಪು ಬಿಳುಪು ಜೆರಾಕ್ಸಿನಲ್ಲಿ ಇದ್ದ ಗೋಡೆ, ಬರುವ ಗೋಡೆ, ಹೋಗುವ ಗೋಡೆ ಎಲ್ಲ ಒಂದೇ ಥರ ಕಾಣುತ್ತವೆ. ನಾನು ಮೊದಲ ಸಲ ತಂದಿದ್ದು ಅಂಥದ್ದೇ ಪ್ರತಿ. ಎರಡು ವಾರ ಅದನ್ನು ನೋಡುತ್ತಾ ಕೂತಿದ್ದೆ, ತಲೆಬುಡ ಅರ್ಥವಾಗಲಿಲ್ಲ.

ಈಗ ನಕ್ಷೆ ಓದೋಣ. 1:100 ಅಂತ ಬರೆದಿದ್ದರೆ ಕಾಗದದ ಒಂದು ಸೆಂಟಿಮೀಟರ್ ನೆಲದ ಮೇಲೆ ಒಂದು ಮೀಟರ್. ಆದರೆ ನಕಲಿನ ಮೇಲೆ ಸ್ಕೇಲು ಇಟ್ಟು ಅಳೆದು ನಂಬಿಬಿಡಬೇಡಿ. ಎ3 ಹಾಳೆಯನ್ನು ಎ4ಗೆ ಇಳಿಸಿದರೆ ಉದ್ದ ಸುಮಾರು ನೂರಕ್ಕೆ 71ರಷ್ಟಾಗುತ್ತದೆ. ನಾಲ್ಕು ಮೀಟರಿನ ಗೋಡೆ ನಾಲ್ಕು ಸೆಂಟಿಮೀಟರ್ ಇರುವ ಬದಲು 2.8 ಸೆಂಟಿಮೀಟರ್ ಕಾಣುತ್ತದೆ. ಅದಕ್ಕೇ ಗೋಡೆಯ ಪಕ್ಕ ಬರೆದಿರುವ ಅಂಕಿಯನ್ನೇ ಹಿಡಿಯಿರಿ. ಆ ಅಂಕಿ ಗೋಡೆಯ ಒಳಗಿನದೋ ಹೊರಗಿನದೋ ಅಂತಲೂ ನೋಡಿಕೊಳ್ಳಿ. ನೆಲಮಹಡಿಯ ನಕ್ಷೆ ಅಂದರೆ ಮನೆಯನ್ನು ಸುಮಾರು ಎದೆಯ ಎತ್ತರದಲ್ಲಿ ಅಡ್ಡಕ್ಕೆ ಕೊಯ್ದು ಮೇಲಿನಿಂದ ನೋಡಿದ ಹಾಗೆ. ಕೊಯ್ದ ಗೋಡೆಗೆ ದಪ್ಪ ಗೆರೆ. ಕಣ್ಣಿಗೆ ಕಾಣದ್ದಕ್ಕೆ, ಅಂದರೆ ತಲೆಯ ಮೇಲಿನ ತೊಲೆಗೆ ಅಥವಾ ನೆಲದಡಿಯ ಕೊಳವೆಗೆ, ತುಂಡು ತುಂಡು ಗೆರೆ. ಈ ತುಂಡು ಗೆರೆಯನ್ನು ಬಿಡಬೇಡಿ.

ಆಮೇಲೆ ಅರ್ಜಿ, ಮಂಜೂರಾತಿ, ಕೆಲಸ ಮುಗಿದ ಪ್ರಮಾಣಪತ್ರ, ಈ ಮೂರೂ ಬೇರೆ ಬೇರೆ. ಮಂಜೂರಾದ ನಕ್ಷೆ ಹೇಳುವುದು ಏನು ಕಟ್ಟಬಹುದಿತ್ತು ಅಂತ. ಏನು ಕಟ್ಟಿದರು ಅನ್ನುವುದು ಅದರಲ್ಲಿ ಇರುವುದಿಲ್ಲ. ಅದಕ್ಕೆ ಸ್ಥಳ ತನಿಖೆಯ ಷರಾ ಬೇಕು, ಕೆಲಸ ಮುಗಿದ ಪ್ರಮಾಣಪತ್ರ ಬೇಕು. ಎಷ್ಟೋ ಫೈಲುಗಳಲ್ಲಿ ಮಂಜೂರಾತಿ ಇರುತ್ತದೆ, ಮುಂದಿನದು ಇರುವುದೇ ಇಲ್ಲ. ಆದ್ದರಿಂದ ನಕ್ಷೆ ಕೈಯಲ್ಲಿ ಹಿಡಿದು, ಅಳತೆ ಟೇಪು ತಗೊಂಡು ಮನೆಯಲ್ಲಿ ಒಂದು ಸುತ್ತು ಬನ್ನಿ. ಕಾಗದದಲ್ಲಿ ಕಿಟಕಿ ಇದ್ದ ಕಡೆ ಬಾಗಿಲಿದೆಯಾ? ವರಾಂಡ ಕೋಣೆಯಾಗಿದೆಯಾ? ವ್ಯತ್ಯಾಸ ಕಂಡಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿ.

ನಮ್ಮ ಮನೆಯಲ್ಲಿ ನಾನು ಹೀಗೆ ಸುತ್ತು ಬಂದಾಗ ಆ ತೇವದ ಕೋಣೆ ಮೊದಲ ನಕ್ಷೆಯಲ್ಲಿ ಇರಲೇ ಇಲ್ಲ! ಅಲ್ಲಿ ತೆರೆದ ಅಂಗಳ ಇತ್ತು. ಅಂಗಳದ ನಡುವೆ ಒಂದು ಸಣ್ಣ ಚೌಕ, ಅದರೊಳಗಿಂದ ಒಂದು ತುಂಡು ಗೆರೆ ಬೀದಿಯ ಕಡೆ ಹೋಗಿತ್ತು. ಅದು ಚರಂಡಿಯ ಛೇಂಬರ್, ಅಂದರೆ ಕೊಳವೆಯನ್ನು ತೆರೆದು ನೋಡಲು ನೆಲದಲ್ಲಿ ಕಟ್ಟಿದ ಮುಚ್ಚಳದ ಗುಂಡಿ. ಫೈಲಿನಲ್ಲಿ ಮುಂದೆ ಕೋಣೆ ಸೇರಿಸಲು ಹಿಂದಿನ ಮಾಲೀಕರು ಹಾಕಿದ ಅರ್ಜಿ ಇತ್ತು. ಅದಕ್ಕೆ ಕಚೇರಿ ಬರೆದ ಉತ್ತರವೂ ಇತ್ತು. ಮೊದಲು ಛೇಂಬರನ್ನು ಕೋಣೆಯ ಆಚೆಗೆ ಸರಿಸಿ ಹೊಸ ನಕ್ಷೆ ಕೊಡಿ ಅಂತ. ಅದರ ಮುಂದೆ ಒಂದು ಹಾಳೆಯೂ ಇಲ್ಲ. ಕೋಣೆ ಮಾತ್ರ ಎದ್ದು ನಿಂತಿತ್ತು. ಆ ಎರಡು ಸಾಲಿನ ಕಾಗದ ಓದಿ ನನಗೆ ಎಷ್ಟು ಬೇಜಾರಾಯಿತು ಅಂದರೆ, ಅಷ್ಟು ವರ್ಷ ಮಕ್ಕಳನ್ನು ಅದೇ ಕೋಣೆಯಲ್ಲಿ ಮಲಗಿಸಿದ್ದೆವಲ್ಲ ಅಂತ.

ಅದಕ್ಕೇ ಹೇಳುವುದು, ಸೀಲು ಬಿದ್ದ ಕಾಗದ ಮಾತ್ರ ನೋಡಿ ಎದ್ದು ಬರಬೇಡಿ. ನಡುವಿನ ಪತ್ರಗಳನ್ನು ಓದಿ. ಪಕ್ಕದ ಮನೆಯವರ ಆಕ್ಷೇಪಣೆ, ತನಿಖೆಗೆ ಬಂದವರು ಅಂಚಿನಲ್ಲಿ ಬರೆದ ಷರಾ, 'ಮತ್ತೆ ಹಾಜರುಪಡಿಸಿ' ಅನ್ನುವ ಟಿಪ್ಪಣಿ, ಮನೆಯ ನಿಜವಾದ ಕಥೆ ಇರುವುದು ಅಲ್ಲಿಯೇ. ತಾರೀಖಿನ ಪ್ರಕಾರ ಜೋಡಿಸಿ ಓದಿದರೆ ಯಾವ ಪ್ರಶ್ನೆಗೆ ಉತ್ತರ ಬಂದಿಲ್ಲ ಅಂತ ತಾನಾಗಿಯೇ ಕಾಣುತ್ತದೆ.

ತೆರಿಗೆ ರಿಜಿಸ್ಟರಿನ ಬಗ್ಗೆ ಒಂದೇ ಮಾತು. ಅದರಲ್ಲಿ ಹೆಸರಿದೆ ಅಂದ ಮಾತ್ರಕ್ಕೆ ಮಾಲೀಕತ್ವ ಸಾಬೀತಾಗುವುದಿಲ್ಲ. ತೆರಿಗೆ ಯಾರಿಂದ ಬರಬೇಕು ಅನ್ನುವುದಷ್ಟೇ ಅದಕ್ಕೆ ಬೇಕು. ಹಾಗೆಯೇ ಅದರಲ್ಲಿರುವ ವರ್ಷ ಮನೆ ಕಟ್ಟಿದ ವರ್ಷವೇ ಆಗಿರಬೇಕಿಲ್ಲ, ಮೊದಲ ಸಲ ತೆರಿಗೆ ಹಾಕಿದ ವರ್ಷವಾಗಿರಬಹುದು.

'ದಾಖಲೆ ಇಲ್ಲ' ಅಂದರೆ? ಅನುಮತಿಯಿಲ್ಲದೆ ಕಟ್ಟಿರಬಹುದು. ಕಾಗದ ಹಾಳಾಗಿರಬಹುದು. ಊರು ಬೆಳೆದು ಗಡಿ ಬದಲಾದಾಗ ಹಳೆಯ ಸಂಸ್ಥೆಯ ಫೈಲುಗಳು ಬೇರೆ ಕಚೇರಿಗೋ ಪತ್ರಾಗಾರಕ್ಕೋ ಹೋಗಿರಬಹುದು. ಈ ಜಾಗ ಮೊದಲು ಯಾರ ವ್ಯಾಪ್ತಿಯಲ್ಲಿತ್ತು, ಅವರ ಕಡತ ಎಲ್ಲಿ ಹೋಯಿತು ಅಂತ ಕೇಳಿ. ಅಲ್ಲೂ ಸಿಗದಿದ್ದರೆ 'ಲಭ್ಯವಿಲ್ಲ' ಅಂತ ಹಿಂಬರಹವನ್ನೇ ಬರೆಸಿಕೊಳ್ಳಿ. ಮುಂದೆ ಯಾರಾದರೂ ಕೇಳಿದಾಗ ಬಾಯಿ ಮಾತು ಉಪಯೋಗಕ್ಕೆ ಬರುವುದಿಲ್ಲ, ಅಲ್ವಾ?

ನಮ್ಮ ಮನೆಯಲ್ಲಿ ನೆಲ ಅಗೆಸಿದೆವು. ನಕ್ಷೆ ತೋರಿಸಿದ ಜಾಗಕ್ಕೆ ಒಂದು ಮೊಳ ಆಚೆಗೆ ಛೇಂಬರಿನ ಮುಚ್ಚಳ ಸಿಕ್ಕಿತು, ಅಂಚು ಬಿರುಕು ಬಿಟ್ಟಿತ್ತು. ಕೊಳವೆಯನ್ನು ಹೊರಗಿನಿಂದ ತಿರುಗಿಸಿ, ಹೊಸ ನಕ್ಷೆ ಬರೆಸಿ, ಕಚೇರಿಗೆ ಕೊಟ್ಟೆವು. ತನಿಖೆಗೆ ಬಂದವರು ಅಳೆದು ನೋಡಿ ಷರಾ ಬರೆದರು. ಉತ್ತರವಿಲ್ಲದೆ ನಿಂತಿದ್ದ ಆ ಪತ್ರದ ಮುಂದಿನ ಹಾಳೆ ಈಗ ನಮ್ಮದು. ಕೊಳವೆ ಎಲ್ಲಿದೆ ಅಂತ ಅದರಲ್ಲಿ ಕೆಂಪು ಗೆರೆಯಲ್ಲಿ ಗುರುತು ಮಾಡಿದ್ದೇವೆ.

ನಮಸ್ಕಾರ.